ಒದೆ ಬಿಟ್ಟ ಕಾಲನ್ನು ನೋಡುವ ಬಗೆ

ಯಕ್ಷಗಾನದ ಬಡಗುತಿಟ್ಟಿನಲ್ಲಿ ಮಂಡಿ ಹಾಕಿ ಬೆಳೆದ ವೇಷಧಾರಿ ತೆಂಕಿನ ಮೇಳ ಸೇರಿ ಧೀಂಗಿಣ ತೆಗೆಯಲು ಹೊರಟರೆ, ಪಳಗಿದ ಪ್ರೇಕ್ಷಕರ ಕಣ್ಣು ಮೊದಲು ಹೋಗುವುದು ಹೆಜ್ಜೆಗೆ. ಕಿಕ್‌ಬಾಕ್ಸಿಂಗ್ ಬಿಟ್ಟು ಬಾಕ್ಸಿಂಗ್‌ಗೆ ಬಂದವರ ಆಟವನ್ನೂ ಹಾಗೆಯೇ ನೋಡಬೇಕು. ಕೈ ಹೇಗೂ ಪಳಗಿದೆ, ಒದೆಯದಿದ್ದರೆ ಆಯಿತಲ್ಲ ಎನಿಸುತ್ತದೆ. ಒದೆಯುವುದನ್ನು ಒಂದೇ ದಿನಕ್ಕೆ ಬಿಡಬಹುದು. ಒದೆ ಬಂದೀತೆಂಬ ಅಂಜಿಕೆ ಮೈ ಬಿಟ್ಟು ಹೋಗಲು ವರ್ಷಗಳು ಬೇಕು. ಸ್ವಾರಸ್ಯವೆಲ್ಲ ಆ ಅಂಜಿಕೆಯ ಗುರುತು ಹುಡುಕುವುದರಲ್ಲಿದೆ.

ಮುಂದಿನ ಕಾಲು

ಕಿಕ್‌ಬಾಕ್ಸಿಂಗ್‌ನಲ್ಲಿ ತೊಡೆಗೋ ಮೀನಖಂಡಕ್ಕೋ ಲೋ ಕಿಕ್ ಯಾವಾಗ ಬೇಕಾದರೂ ಬೀಳಬಹುದು. ಅದನ್ನು ಮೊಣಕಾಲೆತ್ತಿ, ಕಣಕಾಲ ಎಲುಬನ್ನು ಅಡ್ಡ ಕೊಟ್ಟು ತಡೆಯುತ್ತಾರೆ. ಎತ್ತಬೇಕಾದ ಕಾಲಿನ ಮೇಲೆ ಭಾರ ಹಾಕಿ ನಿಲ್ಲಲಾದೀತೇ? ಅದಕ್ಕೇ ಅಲ್ಲಿ ಮುಂದಿನ ಪಾದ ಹಗುರ, ಎದೆ ಎದುರಾಳಿಗೆ ಹೆಚ್ಚು ನೇರ. ಬಾಕ್ಸರ್ ಓರೆಯಾಗಿ ನಿಲ್ಲುತ್ತಾನೆ. ಮುಂದಿನ ಪಾದ ಊರಿ, ಮೈಭಾರವನ್ನು ಜಾಬ್‌ನ, ಅಂದರೆ ಮುಂದಿನ ಕೈಯ ನೇರ ಗುದ್ದಿನ, ಬೆನ್ನಿಗೆ ಕೊಡುತ್ತಾನೆ. ಹೊಸಬನ ಎದುರು ಯಾರಾದರೂ ಸುಮ್ಮನೆ ಸೊಂಟ ಅಲುಗಿಸಲಿ, ಅವನ ಮುಂದಿನ ಹಿಮ್ಮಡಿ ತಾನಾಗಿ ಮೇಲೇಳುತ್ತದೆ. ಆ ಅರೆಗಳಿಗೆಯಲ್ಲಿ ಅವನು ಒಂಟಿಕಾಲವ. ಗುದ್ದು ಬಿದ್ದರೆ ತೂರಾಡುತ್ತಾನೆ. ಜೊತೆಗೆ, ಇಷ್ಟು ದಿನ ಬರಿಗಾಲಲ್ಲಿ ಆಡಿದವನಿಗೆ ಈಗ ಕಾಲಲ್ಲಿ ಬೂಟು ಬೇರೆ.

ಸೊಂಟ ಮತ್ತು ಪಕ್ಕೆ

ಒದೆಯುವವನ ಮುಂದೆ ತಲೆ ಬಗ್ಗಿಸಿದರೆ ಮುಖಕ್ಕೆ ಮೊಣಕಾಲು ಬರುತ್ತದೆ. ಹಾಗಾಗಿ ಕಿಕ್‌ಬಾಕ್ಸರ್ ಹಿಂದಕ್ಕೆ ವಾಲಿ ತಪ್ಪಿಸಿಕೊಳ್ಳುವುದನ್ನು ರೂಢಿಸಿಕೊಂಡಿರುತ್ತಾನೆ. ಬಾಕ್ಸಿಂಗ್ ಕೇಳುವುದು ಇದರ ತದ್ವಿರುದ್ಧ: ಪಕ್ಕದಿಂದ ಬೀಸುವ ಹುಕ್ ಬಂದಾಗ ಮೊಣಕಾಲು ಮಡಿಸಿ ಅದರಡಿ ನುಸುಳಬೇಕು, ಏಳುವಾಗ ತಿರುಗಿ ಕೊಡಬೇಕು. ತಲೆಗೆ ಬರುವ ಒದೆ ತಡೆಯಲು ಎತ್ತಿ ಹಿಡಿದು ರೂಢಿಯಾದ ಕೈಗಳಿಂದ ಇಲ್ಲಿ ಪಕ್ಕೆಗಳು ತೆರೆದುಕೊಳ್ಳುತ್ತವೆ. ಎದುರಾಳಿ ಬುದ್ಧಿವಂತನಾದರೆ ಮುಖವನ್ನು ಬಿಟ್ಟು ಮೊದಲು ಅಲ್ಲಿಗೇ ಗುದ್ದುತ್ತಾನೆ.

ದೂರ ಮತ್ತು ಗಂಟೆ

ಕಾಲು ತಲುಪುವಷ್ಟು ಕೈ ತಲುಪದು. ಬಾಕ್ಸಿಂಗ್‌ನ ಜಗಳ ಅರ್ಧ ಹೆಜ್ಜೆ ಒಳಗೆ ನಡೆಯುತ್ತದೆ. ಹೊಸಬ ಗುದ್ದಿದ ಮೇಲೆ ಎಲ್ಲಿರುತ್ತಾನೆ, ನೋಡಿ. ಇದ್ದಲ್ಲೇ ನಿಂತನೋ, ಪಕ್ಕಕ್ಕೆ ಸರಿದನೋ? ಸರಿದಿದ್ದರೆ ಕಲಿಯುತ್ತಿದ್ದಾನೆ. ಸಮಯದ ಲೆಕ್ಕವೂ ಬೇರೆ: ಕಿಕ್‌ಬಾಕ್ಸಿಂಗ್ ಬಹುಮಟ್ಟಿಗೆ 3 ನಿಮಿಷಗಳ 3 ಸುತ್ತು; ಪುರುಷರ ವಿಶ್ವ ಬಾಕ್ಸಿಂಗ್ ಪಟ್ಟಕ್ಕೆ 12 ಸುತ್ತು. ಓಟದ ವೇಗದಲ್ಲಿ ಹೊರಟವನು ಏಳನೆಯ ಸುತ್ತಿಗೆ ಬಾಯಲ್ಲಿ ಉಸಿರೆಳೆಯುತ್ತಿರುತ್ತಾನೆ.

ಹಳೆಯದೆಲ್ಲ ದೋಷವಲ್ಲ

ಇಷ್ಟು ತಿಳಿದ ಮೇಲೆ ತಪ್ಪು ಹುಡುಕುವ ಚಪಲ ಹತ್ತುತ್ತದೆ. ಅದಕ್ಕೆ ಮದ್ದು ಉಕ್ರೇನಿನ ವಿಟಾಲಿ ಕ್ಲಿಚ್ಕೊ. ಕಿಕ್‌ಬಾಕ್ಸಿಂಗ್‌ನಿಂದ ಬಂದು 1999ರಲ್ಲಿ ಹೆವಿವೇಟ್ ಪಟ್ಟ ಗೆದ್ದವನು. ಕೈ ಕೆಳಗೆ, ಬೆನ್ನು ನೆಟ್ಟಗೆ, ಗುದ್ದು ಬಂದರೆ ಹಿಂದಕ್ಕೆ ವಾಲುವುದು: ಗುರುಗಳು ಬೈಯುವ ಎಲ್ಲವೂ ಅವನಲ್ಲಿತ್ತು. ಎರಡು ಮೀಟರ್ ಎತ್ತರದವನಿಗೆ ಅದೇ ಕವಚವಾಯಿತು. ಥಾಯ್ಲೆಂಡಿನ ಸೇನ್ಸಾಕ್ ಮುವಾಂಗ್‌ಸುರಿನ್ ಒದೆಯೂ ಇರುವ ಮುಯ್ ಥಾಯ್ ಬಿಟ್ಟು ಬಂದು, ತನ್ನ ಮೂರನೆಯ ವೃತ್ತಿಪರ ಬಾಕ್ಸಿಂಗ್ ಪಂದ್ಯದಲ್ಲೇ, 1975ರಲ್ಲಿ, ವಿಶ್ವ ಪಟ್ಟ ಗೆದ್ದ. ಹಳೆಯದರಲ್ಲಿ ಏನು ಉಳಿಸಿಕೊಂಡ, ಏನು ಕೊಡವಿದ ಎಂದು ತೂಗುವವನೇ ರಸಿಕ.

ಎಲ್ಲಿಂದ ಶುರು ಮಾಡಲಿ?

ಜಪಾನಿನ ತೆನ್ಶಿನ್ ನಸುಕಾವಾನಿಂದ. ಕಿಕ್‌ಬಾಕ್ಸಿಂಗ್‌ನಲ್ಲಿ ಸೋಲನ್ನೇ ಕಾಣದ ಹುಡುಗ. 2018ರ ಡಿಸೆಂಬರ್ 31ರಂದು ತನಗಿಂತ ಹೆಚ್ಚು ತೂಕದ ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಜೊತೆ ಬಾಕ್ಸಿಂಗ್ ನಿಯಮದ ಪ್ರದರ್ಶನ ಪಂದ್ಯಕ್ಕಿಳಿದು, ಮೊದಲ ಸುತ್ತಿನಲ್ಲೇ ಮೂರು ಬಾರಿ ನೆಲಕ್ಕುರುಳಿದ. 2023ರ ಏಪ್ರಿಲ್‌ನಲ್ಲಿ ಪೂರ್ಣ ಬಾಕ್ಸರ್ ಆಗಿ ಬಂದು 6 ಸುತ್ತಿನ ಮೊದಲ ಪಂದ್ಯವನ್ನು ಅಂಕಗಳ ಮೇಲೆ ಗೆದ್ದ. 2025ರ ನವೆಂಬರ್‌ನಲ್ಲಿ ಪಟ್ಟದ ಪಂದ್ಯದ 12 ಸುತ್ತು ಆಡಿ, ತಕುಮಾ ಇನೋಯೆಗೆ ಅಂಕಗಳ ಮೇಲೆ ಸೋತ. ಈ ಮೂರನ್ನೂ ಒಂದಾದ ಮೇಲೊಂದು ನೋಡಿ.

ಮೊದಲ ಸಲ ಒಂದು ಪುಸ್ತಕ ಅಡ್ಡ ಹಿಡಿದು ಪರದೆಯ ಮೇಲರ್ಧ ಮುಚ್ಚಿ, ಕಾಲು ಮಾತ್ರ ನೋಡಿ. ಯಾರು ಹಿಂದೆ ಸರಿದರು, ಯಾರ ಹಿಮ್ಮಡಿ ಎದ್ದಿತು ಎಂದು ಗಮನಿಸಿ. ಎರಡನೆಯ ಸಲ ಪುಸ್ತಕ ತೆಗೆಯಿರಿ. ಗುದ್ದು ಬೀಳುವ ಮೊದಲೇ ನಿಮ್ಮ ಬಾಯಿಂದ "ಅಯ್ಯೋ" ಬಂದರೆ, ನೋಡಲು ಕಲಿತಿರಿ ಎಂದೇ ಲೆಕ್ಕ.