ತವರಿಲ್ಲದ ವಂಶವೃಕ್ಷ

ಬೆಂಗಳೂರಿನ ಗೋವಿಂದರಾಜನಗರದ ಮನೆಗಳಲ್ಲಿ ಇಂದು ವಂಶವೃಕ್ಷದ ಮಾತು ಬರುವುದು ಹೆಚ್ಚಾಗಿ ಖಾತೆ ಬದಲಾವಣೆಯ ಹೊತ್ತಿಗೆ. ನಾಡಕಚೇರಿಗೆ ಕೊಡುವ ಆ ಹಾಳೆಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವಂತಿಲ್ಲ; 1994ರ ರಾಜ್ಯ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿಗಳು ಪಿತ್ರಾರ್ಜಿತದಲ್ಲಿ ಅವರ ಪಾಲನ್ನು ಗಟ್ಟಿ ಮಾಡಿವೆ. ಆದರೆ ಮನೆತನದವರು ಅಭಿಮಾನದಿಂದ ಅಚ್ಚುಹಾಕಿಸುವ ವಂಶಾವಳಿಗಳಲ್ಲಿ ಸಾಮಾನ್ಯವಾಗಿ ಮಗಳ ಕವಲು ಮದುವೆಗೇ ನಿಂತುಹೋಗುತ್ತದೆ, ಸೊಸೆಗೆ ತವರೇ ಇರುವುದಿಲ್ಲ. ಅಪ್ಪನ ಹೆಸರಿಗೆ ಮಗನ ಹೆಸರು ಪೋಣಿಸುವ ಈ ಕ್ರಮದಿಂದ ಸಿಗುವುದು ಅರ್ಧ ಚರಿತ್ರೆ ಮಾತ್ರ. ಅದಕ್ಕೆ ಕನ್ನಡದಲ್ಲೇ ಸಾವಿರ ವರ್ಷದ ಸಾಕ್ಷಿ ಇದೆ: ದಾನಚಿಂತಾಮಣಿ ಅತ್ತಿಮಬ್ಬೆ.

ರನ್ನ 993ರಲ್ಲಿ ಮುಗಿಸಿದ 'ಅಜಿತಪುರಾಣ' ಆಕೆಯ ಎರಡೂ ಮನೆಗಳನ್ನು ದಾಖಲಿಸುತ್ತದೆ. ವೆಂಗಿನಾಡಿನ ನಾಗಮಯ್ಯನ ಮಕ್ಕಳು ಮಲ್ಲಪಯ್ಯ, ಪುನ್ನಮಯ್ಯ. ಮಲ್ಲಪಯ್ಯನ ಹೆಣ್ಣುಮಕ್ಕಳು ಅತ್ತಿಮಬ್ಬೆ, ಗುಂಡಮಬ್ಬೆ. ಇಬ್ಬರೂ ಕೈಹಿಡಿದದ್ದು ಚಾಲುಕ್ಯ ತೈಲಪನ ಮಂತ್ರಿ ಧಲ್ಲಪನ ಮಗ ನಾಗದೇವನನ್ನು. ನಾಗದೇವ ತೀರಿಕೊಂಡಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಮಗ ಅಣ್ಣಿಗದೇವನೊಂದಿಗೆ ಬದುಕಿ ನಿಂತಳು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳು ಈಕೆಯೇ. ಗಂಡನ ಮನೆಯ ಕಡೆಯಿಂದಷ್ಟೇ ನೋಡಿದರೆ ಇದು ಶ್ರೀಮಂತ ವಿಧವೆಯೊಬ್ಬಳ ಧರ್ಮಕಾರ್ಯ. ಆದರೆ ಆ ಕಾವ್ಯವನ್ನು ಪೊನ್ನನಿಂದ ಬರೆಸಿದವರು ಆಕೆಯ ತಂದೆ ಮತ್ತು ಚಿಕ್ಕಪ್ಪ. ತವರಿನವರು ಹುಟ್ಟುಹಾಕಿದ ಕೃತಿಯನ್ನು ಅಳಿಯದಂತೆ ಕಾದವಳು ಮಗಳು. ತವರನ್ನು ಬಿಟ್ಟ ವಂಶಾವಳಿಗೆ ಈ ಸಂಬಂಧ ಕಾಣುವುದೇ ಇಲ್ಲ.

ರನ್ನ ಅತ್ತಿಮಬ್ಬೆಯ ಆಶ್ರಿತ, ಅವನ ಮಾತನ್ನು ನಂಬುವುದು ಹೇಗೆ ಎನ್ನಬಹುದು. ಗುಣಗಾನವನ್ನು ಸೋಸಿಯೇ ಓದಬೇಕು, ಸರಿ. ಆದರೆ ಯಾರು ಯಾರ ಮಗಳು ಎಂಬುದು ಆ ಮನೆಯವರಿಗೇ ಗೊತ್ತಿದ್ದ ಸಂಗತಿ. ಅವರೆದುರು ಅದನ್ನು ತಿರುಚಿ ಕವಿಗೆ ಆಗಬೇಕಾದ್ದೇನೂ ಇರಲಿಲ್ಲ. ಮೇಲಾಗಿ ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಗೆ 1007ರ ಶಾಸನದ ಆಧಾರವಿದೆ. ಸಾಮಾನ್ಯ ಹೆಂಗಸಿಗೆ ಕವಿಯೂ ಇಲ್ಲ, ಶಾಸನವೂ ಇಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೂ ಕಳೆದ ನೂರು ವರ್ಷಗಳ ಮಟ್ಟಿಗೆ ಶಾಲೆಯ ದಾಖಲಾತಿ ಪುಸ್ತಕ, ಕ್ರಯಪತ್ರ, ಮತದಾರರ ಪಟ್ಟಿ ಹುಡುಕಿದರೆ ಸಿಗುತ್ತವೆ. ಬೀರುವಿನಲ್ಲಿ ಉಳಿದ ಹಳೆಯ ಲಗ್ನಪತ್ರಿಕೆಯೊಂದು ಎರಡೂ ಕಡೆಯ ಹಿರಿಯರ ಹೆಸರನ್ನು ಊರಿನ ಸಮೇತ ಕೊಡುತ್ತದೆ. ಹಾಗಾಗಿ ಆಧಾರ ಸಿಗಲಿಲ್ಲ ಎಂಬ ಸಬೂಬು ನಿಲ್ಲುವುದಿಲ್ಲ. ಹುಡುಕುವ ಮನಸ್ಸು ಬೇಕಷ್ಟೆ. ಇನ್ನು ವಂಶಾವಳಿ ಅಚ್ಚಿಗೆ ಕೊಡುವವರು ಪ್ರತಿ ಸೊಸೆಯ ಹೆಸರಿನ ಮುಂದೆ ಆಕೆಯ ತಂದೆ, ತಾಯಿ, ತವರೂರನ್ನು ಬರೆಸಲಿ. ಮಗಳ ಮಕ್ಕಳನ್ನೂ ಸೇರಿಸಲಿ. ಅಲ್ಲಿಯವರೆಗೆ ಅದನ್ನು ಮನೆತನದ ಚರಿತ್ರೆ ಎಂದು ಕರೆಯುವುದು ಸಲ್ಲದು.