ಚಿಕ್ಕ ಘಾತ ಮೊದಲು ಹೊರಗೆ ಬರಲಿ

ಅ⁻² + ಅ⁻³ ಕಂಡ ಕೂಡಲೇ ಹೆಚ್ಚಿನವರು ಛೇದದ ಗೆರೆ ಎಳೆಯುತ್ತಾರೆ. 1/ಅ² + 1/ಅ³ ಎಂದು ಬರೆದು, ಲ.ಸಾ.ಅ. ಅ³ ಎಂದು ಹಿಡಿದು, (ಅ + 1)/ಅ³ ಎಂದು ಮುಗಿಸುತ್ತಾರೆ. ಉತ್ತರ ಸರಿಯೇ. ಆದರೆ ಗೆರೆಯನ್ನೇ ಎಳೆಯದೆ, ಅತಿ ಚಿಕ್ಕ ಘಾತವನ್ನು ಸಾಮಾನ್ಯ ಅಪವರ್ತನವಾಗಿ ಹೊರಗೆ ತೆಗೆಯುವ ದಾರಿಯೇ ನನಗೆ ಹೆಚ್ಚು ಚೆಂದ: ಅ⁻³(ಅ + 1). ಒಂದೇ ಹೆಜ್ಜೆ.

ಎಡವುವುದು ಯಾವುದು ಚಿಕ್ಕದು ಎಂಬಲ್ಲಿ. 2 ಮತ್ತು 3ರಲ್ಲಿ 2 ಚಿಕ್ಕದು. ಋಣ ಚಿಹ್ನೆ ಸೇರಿದರೆ −3 ಚಿಕ್ಕದು. ಆವರಣದೊಳಗೆ ಉಳಿಯುವುದೇನೆಂದು ತಿಳಿಯಲು ಘಾತಾಂಕಗಳನ್ನು ಕಳೆಯಬೇಕು: −2 − (−3) = 1. ಒಳಗೆ ಅ ಉಳಿದದ್ದು ಹೀಗೆ.

ಭಿನ್ನರಾಶಿ ಕೂಡುವ ಈ ವಿದ್ಯೆ ನಮ್ಮ ನೆಲದಲ್ಲಿ ಹಳೆಯದು. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಛೇದಗಳ ಲ.ಸಾ.ಅ.ವನ್ನು ‘ನಿರುದ್ಧ’ ಎಂದು ಕರೆದು ಅದರಿಂದ ಕೂಡುವ ಕ್ರಮ ಹೇಳಿದ್ದಾರೆ. ಋಣ ಘಾತಾಂಕದ ಬರವಣಿಗೆ ತೀರ ಈಚಿನದು. ನ್ಯೂಟನ್ 1676ರ ಪತ್ರವೊಂದರಲ್ಲಿ ಅದನ್ನು ಬಳಸಿದ್ದಾನೆ. ಬರವಣಿಗೆ ಬೇರೆಯಾದರೂ ಕೆಲಸ ಅದೇ. ಹೊರಗೆ ತೆಗೆದ ಅ⁻³ರಲ್ಲಿ ಕೂತಿರುವುದು ಆ ನಿರುದ್ಧವೇ.

ಪಿಯುಸಿಯಲ್ಲಿ ಈ ಅಭ್ಯಾಸ ಕೈಹಿಡಿಯುತ್ತದೆ. ಅ²(ಅ + 1)⁻¹ ಎಂಬುದನ್ನು ಗುಣಲಬ್ಧದ ನಿಯಮದಿಂದ ಅವಕಲಿಸಿದರೆ 2ಅ(ಅ + 1)⁻¹ − ಅ²(ಅ + 1)⁻² ಬರುತ್ತದೆ. ಗಾಬರಿ ಬೇಡ. (ಅ + 1)⁻² ಹೊರಗೆ ತೆಗೆಯಿರಿ. ಒಳಗೆ 2ಅ(ಅ + 1) − ಅ², ಅಂದರೆ ಅ² + 2ಅ ಉಳಿಯುತ್ತದೆ. ಅ = 1 ಎಂದಿಟ್ಟು ತಾಳೆ ನೋಡಿ: ಮೊದಲಿನದು 1 − 1/4, ಕೊನೆಯದು 3/4.

ಒಂದು ತಪ್ಪನ್ನು ಮಾತ್ರ ಮನ್ನಿಸಲಾಗದು: (ಅ⁻¹ + ಬ⁻¹)⁻¹ ಎಂದರೆ ಅ + ಬ ಎಂದುಬಿಡುವುದು. 3 ಓಮ್ ಮತ್ತು 6 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ ಬರುವ ರೋಧ ಇದೇ ಸೂತ್ರದ್ದು. 1/3 + 1/6 = 1/2, ಹಾಗಾಗಿ ರೋಧ 2 ಓಮ್. ಘಾತಗಳನ್ನು ಸುಮ್ಮನೆ ಅಳಿಸಿದವರಿಗೆ 9 ಸಿಗುತ್ತದೆ. ಅದು ಸರಣಿ ಜೋಡಣೆಯ ರೋಧ.

ಈ ವಾರ ಒಂದು ಲೆಕ್ಕ ಮಾಡಿ ನೋಡಿ: (ಅ⁻² − ಬ⁻²)ರಿಂದ (ಅ⁻¹ − ಬ⁻¹)ನ್ನು ಭಾಗಿಸಿ. ಅ, ಬ ಬೇರೆ ಬೇರೆ ಧನ ಸಂಖ್ಯೆಗಳಿರಲಿ. ಭಿನ್ನರಾಶಿಗೆ ಇಳಿಯುವ ಮುನ್ನ, ವರ್ಗಗಳ ವ್ಯತ್ಯಾಸವನ್ನು ಅಪವರ್ತಿಸಿ. ಉತ್ತರ ಅಬ/(ಅ + ಬ) ಬರಬೇಕು.