ಊರಿನ ಹೆಸರು, ಹರಾಜಿನ ಹುಡುಗರು

ಕರ್ನಾಟಕದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯ 2023ರ ಹರಾಜಿನಲ್ಲಿ ಶಿವಮೊಗ್ಗ ಲಯನ್ಸ್ ತಂಡ ಅಭಿನವ್ ಮನೋಹರ್ ಅವರಿಗೆ 15 ಲಕ್ಷ ರೂಪಾಯಿ ಕೊಟ್ಟಿತು. ಆ ಸಲದ ಅತಿ ದೊಡ್ಡ ಮೊತ್ತ ಅದೇ. ತಂಡವೊಂದಕ್ಕೆ ಖರ್ಚು ಮಾಡಲು ಇದ್ದದ್ದು ಒಟ್ಟು 50 ಲಕ್ಷ. ಅಭಿನವ್ ಬೆಂಗಳೂರಿನವರು, ಪಂದ್ಯಗಳು ನಡೆದದ್ದೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಮರುವರ್ಷ ಅದೇ ಮೈದಾನದಲ್ಲಿ ಶಿವಮೊಗ್ಗದ ಅಂಗಿ ತೊಟ್ಟು ಅವರು 507 ರನ್ ಬಾರಿಸಿದರು, ಅದರಲ್ಲಿ 52 ಸಿಕ್ಸರ್. ತಂಡ ಮಾತ್ರ ಸೆಮಿಫೈನಲ್ ಮುಟ್ಟಲಿಲ್ಲ. 2025ರ ಹರಾಜಿನಲ್ಲಿ ಹುಬ್ಬಳ್ಳಿ ಟೈಗರ್ಸ್ ಅವರನ್ನು 12.20 ಲಕ್ಷಕ್ಕೆ ಕೊಂಡಿತು. ಇಷ್ಟೆಲ್ಲ ಆಗುವಾಗ ಶಿವಮೊಗ್ಗದ ನಮ್ಮ ನವುಲೆಯ ಮೈದಾನ ತನ್ನ ಪಾಡಿಗೆ ತಾನಿತ್ತು. ಅದು ಸಾಮಾನ್ಯ ಮೈದಾನವೇನಲ್ಲ. 2024ರ ಜನವರಿಯಲ್ಲಿ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಮುಂಬೈ ಎದುರು ಪ್ರಖರ್ ಚತುರ್ವೇದಿ ಅಜೇಯ 404 ರನ್ ಹೊಡೆದದ್ದು ಅಲ್ಲೇ.

ಇದರಿಂದ ನನಗೇನೂ ಸಿಟ್ಟಿಲ್ಲ. ಫ್ರಾಂಚೈಸಿ ಕ್ರಿಕೆಟ್ ತನ್ನ ಸ್ವಭಾವವನ್ನು ಮುಚ್ಚಿಡುವುದಿಲ್ಲ. ಊರಿನ ಹೆಸರು ಅಲ್ಲಿ ಬಾಡಿಗೆಗೆ ಸಿಗುವ ಸಾಮಾನು, ಆಟಗಾರ ಒಂದು ಋತುವಿನ ನೆಂಟ. ದುಡ್ಡು ಎಷ್ಟು, ಯಾರಿಂದ, ಎಲ್ಲಿಯ ತನಕ ಎಂಬುದು ಮರುದಿನದ ಪತ್ರಿಕೆಯಲ್ಲಿ ಬಂದಿರುತ್ತದೆ. ಆದರೆ ಇದೇ ಪದ್ಧತಿ ಕಾಲೇಜಿನ ಗೇಟು ದಾಟಿ ಒಳಗೆ ಬಂದರೆ ಏನಾಗುತ್ತದೆ? ಅಮೆರಿಕದ ಕಾಲೇಜು ಫುಟ್‌ಬಾಲ್ ಈಗ ಅದನ್ನೇ ಅನುಭವಿಸುತ್ತಿದೆ. ಅಲ್ಲಿಯ ಗದ್ದಲವನ್ನು ನಮ್ಮ ಕಾಲೇಜು ಕಬಡ್ಡಿ, ಅಥ್ಲೆಟಿಕ್ಸ್ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ವ್ಯವಸ್ಥೆಯ ಮುಖವೂ ಸ್ವಲ್ಪ ಸ್ಪಷ್ಟವಾಗುತ್ತದೆ.

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಉದ್ದುದ್ದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ; ಒಂದು ಲೆಕ್ಕದಲ್ಲಿ ಕಬಡ್ಡಿಗೇ ಹತ್ತಿರ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂತು ನೋಡುತ್ತಾರೆ. ಟಿವಿ ಹಕ್ಕಿನ ದುಡ್ಡು ಹೊಳೆಯಾಗಿ ಹರಿಯುತ್ತದೆ. ಅಲಬಾಮದ ಕೋಚ್ ಆಗಿದ್ದ ನಿಕ್ ಸೇಬನ್ ಕೊನೆಯ ವರ್ಷಗಳಲ್ಲಿ ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ಪಡೆಯುತ್ತಿದ್ದರು. ಆಡುವ ಹುಡುಗರಿಗೆ ಮಾತ್ರ ಫೀಸು, ಊಟ, ವಸತಿ. ಅವರು ವಿದ್ಯಾರ್ಥಿಗಳು, ದುಡ್ಡಿನ ಆಸೆ ಅವರಿಗೆ ಸಲ್ಲದು ಎಂದು ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ದಶಕಗಟ್ಟಲೆ ಬುದ್ಧಿವಾದ ಹೇಳಿಕೊಂಡು ಬಂತು.

2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ಆ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟ ಮೇಲೆ ಕಟ್ಟೆ ಒಡೆಯಿತು. ಅದೇ ವರ್ಷದ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ಜಾಹೀರಾತಿನ ದುಡ್ಡು ಗಳಿಸಬಹುದೆಂದಾಯಿತು. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋದರೆ ಒಂದು ವರ್ಷ ಆಡದೆ ಕೂರಬೇಕೆಂಬ ಹಳೆಯ ನಿಯಮ ಸಡಿಲವಾಯಿತು. 2024ರ ಹೊತ್ತಿಗೆ ಎಷ್ಟು ಸಲ ಬೇಕಾದರೂ ಜಿಗಿಯಬಹುದೆಂದಾಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲೌಡಿಯಾ ವಿಲ್ಕೆನ್ ಒಪ್ಪಿದ ರಾಜಿಯ ಪ್ರಕಾರ ಈಗ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ 2.05 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 175 ಕೋಟಿ ರೂಪಾಯಿ.

ಪರಿಣಾಮ ಎರಡೂ ಬಗೆಯದು. ಇಂಡಿಯಾನಾ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ತನ್ನ ಹಳೆಯ ಕಾಲೇಜಿನಿಂದ ಹಿಂಡು ಹಿಂಡಾಗಿ ಹುಡುಗರನ್ನು ಕರೆತಂದು 2024ರಲ್ಲಿ ಹನ್ನೊಂದು ಪಂದ್ಯ ಗೆಲ್ಲಿಸಿದರು. ಸೋತು ಸುಣ್ಣವಾದ ತಂಡಕ್ಕೆ ಹೀಗೆ ಒಂದೇ ವರ್ಷದಲ್ಲಿ ಜೀವ ಬರುವುದು ಹಳೆಯ ಪದ್ಧತಿಯಲ್ಲಿ ಊಹಿಸುವುದೂ ಕಷ್ಟವಿತ್ತು. ಆದರೆ ಆ ಹುಡುಗರು ಬಿಟ್ಟುಬಂದ ಸಣ್ಣ ಕಾಲೇಜಿನ ಅಭಿಮಾನಿಗೆ ಈ ಕತೆ ಹೇಗೆ ಕೇಳಿಸಬೇಕು? 2025ರ ಏಪ್ರಿಲ್‌ನಲ್ಲಿ ಟೆನೆಸ್ಸಿ ತಂಡದ ಮುಖ್ಯ ಆಟಗಾರ ನಿಕೊ ಇಯಮಲಿಯಾವಾ ದುಡ್ಡಿನ ಮಾತುಕತೆ ಮುರಿದು ಲಾಸ್ ಏಂಜಲಿಸ್‌ನ ಕಾಲೇಜಿಗೆ ಹೊರಟದ್ದು ಅಲ್ಲಿ ಊರಿಗೆ ಊರೇ ಮಾತಾಡಿಕೊಂಡ ವಿಷಯ. ಕಾಲೇಜು ತಂಡಕ್ಕೆ ಲಕ್ಷ ಜನ ಸೇರುತ್ತಿದ್ದುದು ಆಟದ ಗುಣಮಟ್ಟಕ್ಕಲ್ಲ, ಆ ಹುಡುಗರು ತಮ್ಮವರೆಂಬ ಭಾವನೆಗೆ. ಅದನ್ನೇ ಮಾರಿಕೊಂಡರೆ ಉಳಿಯುವುದು ಶಿವಮೊಗ್ಗ ಲಯನ್ಸ್ ಥರದ ಇನ್ನೊಂದು ತಂಡ, ಜೊತೆಗೊಂದು ಗ್ರಂಥಾಲಯ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಕಾಲೇಜು ಆಟಗಾರನಿಗೆ ಸಂಬಳವಿಲ್ಲ ಎನ್ನುವುದು ಅರ್ಧ ಸತ್ಯ. ಸಂಬಳ ಮೊದಲಿಂದಲೂ ಇದೆ, ರೂಪಾಯಿಯಲ್ಲಿ ಇಲ್ಲ ಅಷ್ಟೆ. ಫೀಸಿಲ್ಲದ ಸೀಟು, ಹಾಸ್ಟೆಲ್ಲು, ಊಟದ ಜೊತೆ ಹಾಲು ಮೊಟ್ಟೆ, ಟ್ರ್ಯಾಕ್‌ಸೂಟು, ಶೂ, ಹಾಜರಾತಿಯಲ್ಲಿ ರಿಯಾಯಿತಿ, ಪಂದ್ಯಕ್ಕೆ ಹೋದರೆ ಟಿಎ ಡಿಎ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ಯೂನಿವರ್ಸಿಟಿ ಬ್ಲೂ ಆದರೆ ಮುಂದೆ ಪೊಲೀಸು, ರೈಲ್ವೆ, ಬ್ಯಾಂಕಿನ ಕ್ರೀಡಾ ಕೋಟಾದ ಕನಸು. ಇದರಲ್ಲಿ ಅವಮಾನಪಡುವಂಥದ್ದೇನಿಲ್ಲ, ಎಷ್ಟೋ ಬಡವರ ಮನೆಯ ಮಕ್ಕಳು ಡಿಗ್ರಿ ಕಂಡದ್ದೇ ಈ ದಾರಿಯಲ್ಲಿ. ನನ್ನ ತಕರಾರು ಬೇರೆ. ಇದನ್ನೆಲ್ಲ ಕೊಡುವುದು ಕೂಲಿಯಾಗಿ ಅಲ್ಲ, ಉಪಕಾರವಾಗಿ. ಉಪಕಾರ ಪಡೆದವನು ಚೌಕಾಸಿ ಮಾಡುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ.

ಪಿಯುಸಿ ಮುಗಿಸಿದ ಭದ್ರಾವತಿಯ ಒಬ್ಬ ಒಳ್ಳೆಯ ರೈಡರನ್ನು ಊಹಿಸಿಕೊಳ್ಳಿ. ಊರ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಆಡುವಾಗಲೇ ಯಾರೋ ಅವನ ಮೇಲೆ ಕಣ್ಣಿಟ್ಟಿರುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರೊಬ್ಬರು ಫೋನು ಮಾಡಿ, “ನಮ್ಮ ಕಾಲೇಜಿಗೆ ಬಾರೋ, ಎಲ್ಲ ನಾವು ನೋಡ್ಕೋತೀವಿ” ಎನ್ನುತ್ತಾರೆ. ಆ ‘ಎಲ್ಲ’ದೊಳಗೆ ಏನೇನಿದೆ ಎಂದು ಕೇಳುವ ಧೈರ್ಯ ಹದಿನೆಂಟರ ಹುಡುಗನಿಗಾಗಲಿ ಅವನ ಅಪ್ಪನಿಗಾಗಲಿ ಇರುವುದಿಲ್ಲ. ಎರಡನೇ ವರ್ಷ ಮೊಣಕಾಲಿನ ಲಿಗಮೆಂಟ್ ಹೋದರೆ ಆಪರೇಷನ್ ಖರ್ಚು ಯಾರದು? ಹಾಸ್ಟೆಲ್ ಮುಂದುವರಿಯುತ್ತದೆಯೇ? ಕಾಲೇಜು ಬದಲಿಸಬೇಕೆಂದರೆ ಟಿ.ಸಿ. ಸಿಗುತ್ತದೆಯೇ, ಇಲ್ಲ ಉಳಿದ ವರ್ಷಗಳ ಫೀಸು ಕಟ್ಟು ಎನ್ನುತ್ತಾರೆಯೇ? ವಿದ್ಯಾರ್ಥಿಗಳ ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಸ್ಪಷ್ಟವಾಗಿ ಹೇಳಿದೆ. ಅಂಥ ಆದೇಶ ಬೇಕಾಯಿತೆಂಬುದರಿಂದಲೇ ಹಿಂದಿನ ರೂಢಿ ಏನಿತ್ತೆಂದು ತಿಳಿಯಬಹುದು. ಕಾಲೇಜು ಬದಲಿಸಲು ಅಮೆರಿಕದ ಹುಡುಗ ವರ್ಗಾವಣೆಯ ಪಟ್ಟಿಯಲ್ಲಿ ಹೆಸರು ಬರೆಸಿದರೆ ಸಾಕು. ನಮ್ಮ ಹುಡುಗ ಕಚೇರಿಯ ಗುಮಾಸ್ತರ ಮೇಜಿನ ಮುಂದೆ ನಿಲ್ಲಬೇಕು.

ವೃತ್ತಿಪರ ಆಟದಲ್ಲಿ ಗಾಯಕ್ಕೂ ಒಂದು ಭವಿಷ್ಯವಿದೆ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡದಲ್ಲಿ ಹೆಸರು ಮಾಡಿದ ಪವನ್ ಸೆಹ್ರಾವತ್ ಅವರನ್ನು 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಹೊರಗುಳಿದರು. ಮುಂದಿನ ಹರಾಜಿನಲ್ಲಿ ತೆಲುಗು ಟೈಟನ್ಸ್ 2.60 ಕೋಟಿಗೂ ಹೆಚ್ಚು ಕೊಟ್ಟಿತು. ಅದೇ ಗಾಯವಾದ ಕಾಲೇಜು ರೈಡರನಿಗೆ ಪಿ.ಡಿ. ಸರ್ ಒಳ್ಳೆಯವರಾಗಿದ್ದರೆ ಮಾತ್ರ ನಡೆಯುತ್ತದೆ. ಒಳ್ಳೆಯವರು ಇದ್ದಾರೆ, ಬಹಳ ಜನ ಇದ್ದಾರೆ, ಕೈಯಿಂದ ಖರ್ಚು ಮಾಡಿ ಹುಡುಗರನ್ನು ಸಾಕಿದವರೂ ಇದ್ದಾರೆ. ಆದರೆ ಒಬ್ಬರ ಒಳ್ಳೆಯತನವನ್ನೇ ವ್ಯವಸ್ಥೆ ಎಂದುಕೊಂಡು ಕೂರಲಾಗದು.

ಭದ್ರಾವತಿಗೆ ಇದರ ಇನ್ನೊಂದು ಮುಖ ಗೊತ್ತು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದ ಕಾರ್ಖಾನೆ, ಇವೆರಡೂ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮೈದಾನ ಎಲ್ಲವನ್ನೂ ಒಂದೇ ಕಡೆ ಕಟ್ಟಿಕೊಟ್ಟವು. ದೇಶದ ದೊಡ್ಡ ಸಾರ್ವಜನಿಕ ಉದ್ದಿಮೆಗಳಲ್ಲಿ ಆಡುವವನಿಗೆ ನೌಕರಿ ಸಿಗುತ್ತಿದ್ದ ಕಾಲದ ಗುಟ್ಟು ಇಷ್ಟೇ: ಸಂಬಳ ಸಣ್ಣದು, ಆದರೆ ಮೊಣಕಾಲು ಹೋದರೂ ನಿಲ್ಲದು. ಊರು ಬದಲಿಸಬೇಕಾದ ಅಗತ್ಯವೂ ಇರಲಿಲ್ಲ. ಕಾಗದ ಕಾರ್ಖಾನೆ ಹತ್ತು ವರ್ಷದ ಹಿಂದೆ ನಿಂತಿತು. ಕಬ್ಬಿಣ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಅದರ ಒಡೆಯ ಸೈಲ್‌ನ ಮಂಡಳಿ ತೆಗೆದುಕೊಂಡಿತು. ಆಮೇಲೆ ಹೋರಾಟ, ಭರವಸೆ, ಮತ್ತೆ ಹೋರಾಟ. ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ ಊರಿದು ಎಂದು ನಾವು ಹೆಮ್ಮೆಪಡುತ್ತೇವೆ, ಅವರು ಕ್ರಿಕೆಟಿಗರಾದದ್ದು ಬೆಂಗಳೂರಿನಲ್ಲಿ ಎಂಬುದನ್ನು ಹೇಳದೆ. ಪ್ರತಿಭೆ ಊರು ಬಿಡುವುದು ಇಲ್ಲಿ ಹೊಸದಲ್ಲ. ಹೊಸದೆಂದರೆ, ಬಿಡದೆ ಉಳಿಯಲು ಇದ್ದ ಕಾರಣವೂ ಹೋದದ್ದು.

ಶಿವಮೊಗ್ಗ, ಭದ್ರಾವತಿಯ ಓಟಗಾರರಿಗೆ, ಎಸೆತಗಾರರಿಗೆ ಬಹುದಿನದಿಂದ ಒಂದು ದಾರಿ ಇದೆ: ತೀರ್ಥಹಳ್ಳಿ, ಆಗುಂಬೆ, ಘಟ್ಟ ಇಳಿದು ಹೆಬ್ರಿ, ಕಾರ್ಕಳ, ಮೂಡುಬಿದಿರೆ. ಅಲ್ಲಿಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದು, ಊಟ, ವಸತಿ ಉಚಿತವಾಗಿ ಕೊಡುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಮೂಡುಬಿದಿರೆಯಲ್ಲೇ ನಡೆದು ಮಂಗಳೂರು ವಿಶ್ವವಿದ್ಯಾಲಯ ಚಾಂಪಿಯನ್ ಆದಾಗ ಆ ತಂಡದ ಬೆನ್ನೆಲುಬು ಈ ದತ್ತು ಮಕ್ಕಳೇ. ಒಂದು ಸಣ್ಣ ಊರು ದೇಶದ ಅಥ್ಲೆಟಿಕ್ಸ್ ಭೂಪಟದಲ್ಲಿ ಜಾಗ ಪಡೆದದ್ದನ್ನು ನಾನು ಮೆಚ್ಚುತ್ತೇನೆ. ಇದು ನಮ್ಮದೇ ಇಂಡಿಯಾನಾ. ಆದರೆ ಇದರ ಬೆಲೆ ತೆತ್ತವರು ಘಟ್ಟದ ಮೇಲಿನವರು. 1987ರಲ್ಲಿ ಶಂಕರಘಟ್ಟದಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ತನ್ನ ಜಿಲ್ಲೆಯ ಹುಡುಗಿ ಮಂಗಳೂರಿನ ಅಂಗಿಯಲ್ಲಿ ಪದಕ ಗೆದ್ದರೆ ಚಪ್ಪಾಳೆ ತಟ್ಟಬೇಕು, ಪದಕಪಟ್ಟಿಯಲ್ಲಿ ಹಿಂದೆ ನಿಲ್ಲಬೇಕು.

ಇದಕ್ಕೆ ಆಳ್ವಾಸ್ ಅನ್ನು ದೂರುವುದು ಸೋಮಾರಿತನ. ಕೇಳಬೇಕಾದ್ದು ಬೇರೆ: ಆ ಹುಡುಗಿಗೆ ಮೊದಲು ಸ್ಪೈಕ್ಸ್ ಹಾಕಲು ಕಲಿಸಿದ ಸರ್ಕಾರಿ ಶಾಲೆಗೆ, ಬೆಳಗಿನ ಐದಕ್ಕೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಓಡಿಸಿದ ಕೋಚ್‌ಗೆ ಏನು ಸಿಕ್ಕಿತು? ಅಂತರರಾಷ್ಟ್ರೀಯ ಕಾಲ್ಚೆಂಡಿನಲ್ಲಿ ಫಿಫಾ ಇದಕ್ಕೊಂದು ಲೆಕ್ಕ ಇಟ್ಟಿದೆ. ಕ್ಲಬ್ಬು ಕ್ಲಬ್ಬಿನ ನಡುವೆ ಆಟಗಾರನ ಮಾರಾಟವಾದಾಗ ಮೊತ್ತದ ಶೇ. 5ರಷ್ಟು, ಅವನನ್ನು 12ರಿಂದ 23ನೇ ವಯಸ್ಸಿನ ತನಕ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ನಮ್ಮಲ್ಲಿ ಕೈ ಬದಲಾಗುವ ಹಣವಿಲ್ಲವಲ್ಲ ಎನ್ನಬಹುದು. ಆದರೆ ಪದಕದ ಮೇಲೆ ಸರ್ಕಾರ ಕೊಡುವ ಬಹುಮಾನವಿದೆ, ಸಂಸ್ಥೆಗೆ ಬರುವ ಹೆಸರಿದೆ, ಆ ಹೆಸರಿಂದ ಬರುವ ಅಡ್ಮಿಷನ್ನುಗಳಿವೆ. ಅದರ ಒಂದು ಸಣ್ಣ ಪಾಲು ತವರಿನ ಮೈದಾನಕ್ಕೆ ಬರಬಾರದೇಕೆ?

ಬೇರೆಯವರು ಬೆಳೆಸಿದ ಆಟಗಾರರನ್ನು ಸೇರಿಸಿಕೊಳ್ಳುವುದು ಬೆಂಗಳೂರಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. 2022ರಲ್ಲಿ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಆತಿಥೇಯರೇ 20 ಚಿನ್ನ ಗೆದ್ದು ಮೊದಲ ಸ್ಥಾನ ಪಡೆದರು. ಹೆಚ್ಚಿನವು ಬಂದದ್ದು ಈಜುಕೊಳದಿಂದ, ಶಿವ ಶ್ರೀಧರ್, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈಜಿ ಬಂದಿದ್ದ ಶ್ರೀಹರಿ ನಟರಾಜ್ ಅವರಂಥವರಿಂದ. ಈ ಈಜುಗಾರರನ್ನು ಬಾಲ್ಯದಿಂದ ತಯಾರು ಮಾಡಿದ್ದು ನಗರದ ಈಜು ಕ್ಲಬ್ಬುಗಳು. ವಿಶ್ವವಿದ್ಯಾಲಯ ಕೊಟ್ಟದ್ದು ಸೀಟು, ಸೌಲಭ್ಯ, ಅಂಗಿ. ತಪ್ಪೆಂದು ಹೇಳುತ್ತಿಲ್ಲ. ಆದರೆ ಇಂಥ ಪದಕಪಟ್ಟಿ ಅಳೆಯುವುದು ವಿಶ್ವವಿದ್ಯಾಲಯದ ಕ್ರೀಡಾ ಸಂಸ್ಕೃತಿಯನ್ನೋ ಅದರ ಪ್ರವೇಶ ವಿಭಾಗದ ಚುರುಕನ್ನೋ ಎಂಬ ಅನುಮಾನವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ನಮ್ಮಲ್ಲೂ ದುಡ್ಡು ಬಹಿರಂಗವಾಗಿ ಬರಲಿ ಎನ್ನುತ್ತೇನೆಯೇ? ಹೌದು. ಮುಚ್ಚುಮರೆಯ ಉಪಕಾರಕ್ಕಿಂತ ಬರೆದುಕೊಟ್ಟ ಕರಾರು ಮೇಲು. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದೇ ಪುಟ ಸಾಕು: ಏನೇನು ಕೊಡುತ್ತೇವೆ, ಎಷ್ಟು ವರ್ಷ, ಗಾಯವಾದರೆ ಯಾರು ನೋಡಿಕೊಳ್ಳುತ್ತಾರೆ, ಆಟ ನಿಂತರೂ ಡಿಗ್ರಿ ಮುಗಿಯುವ ತನಕ ಸೀಟು ಉಳಿಯುತ್ತದೆಯೇ, ಬಿಟ್ಟು ಹೋಗುವುದಾದರೆ ಷರತ್ತೇನು. ವರ್ಗಾವಣೆಯನ್ನು ಮಾತ್ರ ಅಮೆರಿಕದಷ್ಟು ಸಡಿಲ ಬಿಡಲು ನನ್ನ ಮನಸ್ಸು ಒಪ್ಪದು. ಹುಡುಗನಿಗೆ ಒಂದು ಸಲ ಯಾರನ್ನೂ ಕೇಳದೆ ಹೋಗುವ ಹಕ್ಕಿರಲಿ. ಅದಕ್ಕಿಂತ ಹೆಚ್ಚಾದರೆ ಓದು ಹಾಳು. ಮೂರು ವರ್ಷದ ಬಿ.ಎ.ಯನ್ನು ಮೂರು ಊರಿನಲ್ಲಿ ಓದಿದವನಿಗೆ ಕೊನೆಗೆ ಕೈಯಲ್ಲಿ ಉಳಿಯುವುದು ಬಾಕಿ ವಿಷಯಗಳ ಪಟ್ಟಿ.

ಇಷ್ಟು ಹೇಳಿದ ಮೇಲೂ ನನ್ನದೇ ವಾದಕ್ಕೆ ಅಡ್ಡ ಬರುವ ಒಂದು ಸಂಗತಿ ಇದೆ. ದುಡ್ಡು ಬಹಿರಂಗವಾದಾಗ ಅದು ಯಾರ ಕಡೆ ಹರಿಯುತ್ತದೆ? ಅಮೆರಿಕದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳು ಹೊಸ ಹಣದಲ್ಲಿ ಸುಮಾರು ಮುಕ್ಕಾಲು ಪಾಲನ್ನು ಫುಟ್‌ಬಾಲಿಗೆ, ಉಳಿದುದರಲ್ಲಿ ದೊಡ್ಡ ಭಾಗವನ್ನು ಪುರುಷರ ಬ್ಯಾಸ್ಕೆಟ್‌ಬಾಲಿಗೆ ಇಟ್ಟುಕೊಂಡಿವೆ. ಅದೇ ರಾಜಿಯಂತೆ ಹಳೆಯ ಆಟಗಾರರಿಗೆ ಕೊಡಬೇಕಾದ ಪರಿಹಾರದಲ್ಲೂ ಹೀಗೇ ಆಯಿತೆಂದು ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಸಲ್ಲಿಸಿ ಆ ಪಾವತಿಯನ್ನು ತಡೆಹಿಡಿಸಿದರು. ನಮ್ಮ ಕಬಡ್ಡಿಯ ಕತೆಯೂ ಅದೇ. 2014ರಲ್ಲಿ ಶುರುವಾದ ಪ್ರೊ ಕಬಡ್ಡಿ ಪುರುಷರದು. 2016ರಲ್ಲಿ ಮೂರು ತಂಡ ಕಟ್ಟಿಕೊಂಡು ಮಹಿಳೆಯರ ಚಾಲೆಂಜ್ ನಡೆಸಿದರು, ಮುಂದಿನ ವರ್ಷ ಅದರ ಸುದ್ದಿಯೇ ಇಲ್ಲ. ಕಾರ್ಕಳದ ಮಮತಾ ಪೂಜಾರಿ ಎರಡು ಏಷ್ಯನ್ ಗೇಮ್ಸ್ ಚಿನ್ನ ಗೆದ್ದು, ಅರ್ಜುನ ಪ್ರಶಸ್ತಿ ಪಡೆದು, ಆಟದ ದಿನಗಳನ್ನು ರೈಲ್ವೆ ನೌಕರಿಯ ಆಸರೆಯಲ್ಲಿ ಕಳೆದರು. ಪುರುಷರಿಗೆ ಕೋಟಿ ಕೊಟ್ಟ ಹರಾಜಿನಲ್ಲಿ ಅವರಂಥವರ ಹೆಸರು ಕರೆಯಲೇ ಇಲ್ಲ.

ದತ್ತು, ಹಾಸ್ಟೆಲ್ಲು, ಕ್ರೀಡಾ ಕೋಟಾದ ಹಳೆಯ ಪದ್ಧತಿ ಈ ಒಂದು ವಿಷಯದಲ್ಲಿ ಮಾರುಕಟ್ಟೆಗಿಂತ ನ್ಯಾಯವಾಗಿತ್ತು. ಹುಡುಗನಿಗೆ ಕೊಟ್ಟ ಊಟವನ್ನೇ ಹುಡುಗಿಗೂ ಕೊಟ್ಟಿತು. ಆದ್ದರಿಂದ ಕರಾರಿನ ಕಾಗದ ಬರುವ ದಿನ ಅದರಲ್ಲಿ ಇನ್ನೊಂದು ಸಾಲು ಇರಬೇಕು: ಪುರುಷರ ಕಬಡ್ಡಿ ತಂಡಕ್ಕೆ ಎಷ್ಟೋ ಮಹಿಳೆಯರ ತಂಡಕ್ಕೂ ಅಷ್ಟೇ. ಪ್ರಾಯೋಜಕರು ಹುಡುಗರಿಗೆ ಮಾತ್ರ ಕೊಡುತ್ತೇವೆ ಎಂದು ಬಂದರೆ, ಕೊರತೆಯನ್ನು ಕಾಲೇಜೇ ತುಂಬಿಕೊಡಬೇಕು.